ರಸೀದಿ ಬೇರೆ, ಹಕ್ಕುಪತ್ರ ಬೇರೆ

ನಮಸ್ಕಾರ. ಇವತ್ತು ಬಣ್ಣಗಳ ಆಯ್ಕೆಯ ಬಗ್ಗೆ ಮಾತನಾಡಬೇಕೆಂದು ಟಿಪ್ಪಣಿ ಮಾಡಿಟ್ಟುಕೊಂಡಿದ್ದೆ. ಆ ಕಂತು ಮುಂದಿನ ವಾರಕ್ಕೆ ಹೋಯಿತು. ನಿನ್ನೆ ರಾತ್ರಿ ಹಿಂದಿನ ಕಂತಿನ ಕೆಳಗೆ ಒಬ್ಬರು ಬರೆದದ್ದನ್ನು ಓದಿದ ಮೇಲೆ ನನಗೆ ಬಣ್ಣದ ಮಾತು ಬಾಯಿಗೆ ಬರುತ್ತಿಲ್ಲ. "ಪೂರ್ತಿ ಹಣ ಕೊಟ್ಟಿದ್ದೇನೆ, ವೆಬ್‌ಸೈಟ್ ನನ್ನದು. ಇನ್ನು ಡಿಸೈನರ್ ಹೆಸರು, ಹಕ್ಕು, ಒಪ್ಪಂದ ಎಂಬ ರಗಳೆ ಏಕೆ?" ಎಂದು ಕೇಳಿದ್ದಾರೆ. ಅದನ್ನು ನಲವತ್ತಕ್ಕೂ ಹೆಚ್ಚು ಮಂದಿ ಮೆಚ್ಚಿದ್ದಾರೆ.

ಅಷ್ಟೂ ಮಂದಿಗೆ ಹೇಳುತ್ತೇನೆ. ರಸೀದಿ ಬೇರೆ, ಹಕ್ಕುಪತ್ರ ಬೇರೆ. ಹಣ ಕೊಟ್ಟಾಗ ನಿಮ್ಮ ಕೈಗೆ ಬಂದದ್ದು ರಸೀದಿ. ವೆಬ್‌ಸೈಟ್ ನಿಮ್ಮದಾಗಬೇಕಾದರೆ ಹಾಗೆಂದು ಬರೆದು ಸಹಿ ಮಾಡಿದ ಕಾಗದ ಬೇಕು. ಅದಿಲ್ಲದೆ ನನ್ನದು ನನ್ನದು ಎಂದು ಎಷ್ಟು ಕೂಗಿದರೂ ಪ್ರಯೋಜನವಿಲ್ಲ.

ಸಂಬಳಕ್ಕೆ ಇಟ್ಟುಕೊಂಡ ನೌಕರ ಕೆಲಸದ ಭಾಗವಾಗಿ ಮಾಡಿದ್ದು ಸಾಮಾನ್ಯವಾಗಿ ಯಜಮಾನನಿಗೇ ಸೇರುತ್ತದೆ. ಹೊರಗಿನಿಂದ ಕರೆಸಿಕೊಂಡ ಡಿಸೈನರ್ ನೌಕರನಲ್ಲ. ಅವನು ಬರೆದ ಕೋಡ್, ಅವನು ಎಳೆದ ಚಿತ್ರ, ಬೇರೆ ಒಪ್ಪಂದ ಇಲ್ಲದಿದ್ದರೆ, ಬಹುತೇಕ ದೇಶಗಳ ಕಾನೂನಿನಲ್ಲಿ ಮೊದಲಿಗೆ ಅವನದೇ. ಅಮೆರಿಕದಲ್ಲಿ ಮನೆಯಿಲ್ಲದವರ ಪರ ಕೆಲಸ ಮಾಡುವ ಸಂಸ್ಥೆಯೊಂದು ಜೇಮ್ಸ್ ಅರ್ಲ್ ರೀಡ್ ಎಂಬ ಶಿಲ್ಪಿಯಿಂದ ಪ್ರತಿಮೆ ಮಾಡಿಸಿತು. ಕಲ್ಪನೆ ಸಂಸ್ಥೆಯದು, ಹಣವೂ ಸಂಸ್ಥೆಯದು. ಪ್ರತಿಮೆಯನ್ನು ಊರೂರಿಗೆ ಒಯ್ಯಬೇಕೆಂದಾಗ ಜಗಳ ಹತ್ತಿತು, ಅದು ಸುಪ್ರೀಂ ಕೋರ್ಟಿನ ತನಕ ಹೋಯಿತು. 1989ರಲ್ಲಿ ಕೋರ್ಟ್ ಹೇಳಿತು: ರೀಡ್ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ, ಹಾಗಾಗಿ ಮಾಡಿಸಿದ ಮಾತ್ರಕ್ಕೆ ಕೃತಿಸ್ವಾಮ್ಯ ಸಂಸ್ಥೆಯದಾಗುವುದಿಲ್ಲ. ಮೊದಲೇ ಒಂದು ಹಾಳೆ ಬರೆದುಕೊಂಡಿದ್ದರೆ ಇಷ್ಟು ಅಲೆಯಬೇಕಿತ್ತೇ? ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಕೂಡ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು ಎನ್ನುತ್ತದೆ. ಎಷ್ಟು ವರ್ಷಕ್ಕೆ ಎಂದು ಬರೆಯಲು ಮರೆತರೆ ಅದನ್ನು ಐದೇ ವರ್ಷ ಎಂದು ಎಣಿಸುತ್ತದೆ. ಐದು ವರ್ಷ! ಒಂದು ಸಾಲು ಬಿಟ್ಟುಹೋದದ್ದಕ್ಕೆ!

"ಮೂರು ವರ್ಷದಿಂದ ಬಳಸುತ್ತಿದ್ದೇನೆ, ಯಾರೂ ತಡೆದಿಲ್ಲವಲ್ಲ" ಎಂದು ಇನ್ನೊಬ್ಬರು ಬರೆದಿದ್ದಾರೆ. ಬಳಸಬಹುದು, ಸ್ವಾಮಿ. ನಿಮಗಾಗಿ ಮಾಡಿದ್ದನ್ನು ಬಳಸುವ ಅನುಮತಿ ನಿಮಗಿದೆ ಎಂದು ನ್ಯಾಯಾಲಯವೂ ಸಾಮಾನ್ಯವಾಗಿ ಒಪ್ಪೀತು. ಆದರೆ ಬಾಡಿಗೆ ಮನೆಯಲ್ಲಿ ಹತ್ತು ವರ್ಷ ಇದ್ದವರು ಆ ಮನೆಯನ್ನು ಮಾರಲು ಹೋಗುತ್ತಾರೆಯೇ? ನಾಳೆ ನಿಮ್ಮ ವ್ಯವಹಾರವನ್ನು ಬೇರೆಯವರು ಕೊಳ್ಳಲು ಬಂದಾಗ, ಅವರ ವಕೀಲರು ಮೊದಲು ಕೇಳುವುದು ಈ ಕಾಗದವನ್ನೇ. ಆಗ ಏನು ತೋರಿಸುತ್ತೀರಿ? ರಸೀದಿಯನ್ನೇ?

ಒಬ್ಬ ಮಹಿಳೆಯ ಕಥೆ ಹೇಳುತ್ತೇನೆ. ಹೊಲಿಗೆ ತರಬೇತಿ ಕೇಂದ್ರ ನಡೆಸುವವರು. ನನ್ನ ಬಳಿ ಬಂದಾಗ ಕೈಯಲ್ಲಿ ದಪ್ಪನೆಯ ಫೈಲ್ ಇತ್ತು. ಹಳೆಯ ಡಿಸೈನರ್ ಕೊಟ್ಟ ಪ್ರತಿಯೊಂದು ರಸೀದಿಯನ್ನೂ ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿ ಇಟ್ಟಿದ್ದರು, ತಾರೀಕಿನ ಪ್ರಕಾರ. ಅವರ ವೆಬ್‌ಸೈಟ್ ತೆರೆದೆ. "ಈ ವಿಳಾಸ ಮಾರಾಟಕ್ಕಿದೆ" ಎಂಬ ಪುಟ ಬಂತು. ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ನೋಂದಣಿಯಾದದ್ದು ಡಿಸೈನರ್ ಹೆಸರಿನಲ್ಲಿ. ನವೀಕರಣದ ಎಚ್ಚರಿಕೆಗಳು ಹೋದದ್ದು ಅವನು ತೆರೆಯುವುದನ್ನೇ ಬಿಟ್ಟಿದ್ದ ಇಮೇಲ್‌ಗೆ. ಅವಧಿ ಮುಗಿಯಿತು, ಹಿಂದಕ್ಕೆ ಪಡೆಯುವ ಕಾಲಾವಕಾಶವೂ ಕಳೆಯಿತು, ಯಾರೋ ಕೊಂಡುಕೊಂಡರು. ಆಕೆ ಫೈಲಿನ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತಾ, "ಇದು ಡೊಮೇನ್‌ದು, ನೋಡಿ, ಇದೂ ಡೊಮೇನ್‌ದು, ಕಟ್ಟಿದ್ದೇನೆ" ಎಂದು ಹೇಳುತ್ತಲೇ ಇದ್ದರು. ನಿಜವಾಗಿಯೂ ಕಟ್ಟಿದ್ದರು. ಒಂದು ವರ್ಷವೂ ತಪ್ಪಿಸಿರಲಿಲ್ಲ.

ಡೊಮೇನ್ ಎಂಬುದು ಕೊಂಡು ಮನೆಗೆ ತರುವ ವಸ್ತುವಲ್ಲ, ನೋಂದಣಿ. ಡಾಟ್ ಕಾಮ್‌ನಂತಹ ಹೆಸರನ್ನು ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ನೋಂದಾಯಿಸಬಹುದು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಧಿಕಾರ ಅವರದು. ಪಾಸ್‌ವರ್ಡ್ ಯಾರ ಕೈಯಲ್ಲಿದೆಯೋ ಕೀಲಿಕೈ ಅವರದು. ವರ್ಗಾವಣೆಗೆ ಬೇಕಾದ ಸಂಕೇತ ಸಿಗುವುದೂ ಅವರಿಗೇ. ಹಣ ಕೊಟ್ಟವರ ಹೆಸರನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಡಿಸೈನರ್‌ಗಳಿಗೂ ಇದರಲ್ಲಿ ಪಾಲಿದೆ. ಗ್ರಾಹಕರ ಡೊಮೇನನ್ನು ನಿಮ್ಮ ಹೆಸರಿನಲ್ಲಿ ಇಟ್ಟುಕೊಳ್ಳುವುದು ಅನುಕೂಲವಲ್ಲ, ತಪ್ಪು. ನಮ್ಮ ವೃತ್ತಿಯ ಮಾನ ಕಳೆಯುವ ತಪ್ಪು. ಹಾಗೆಯೇ "ಎಲ್ಲವೂ ನಿಮ್ಮದೇ" ಎಂದು ಬಾಯಿಮಾತಿನಲ್ಲಿ ಹೇಳಿಬಿಡಬೇಡಿ. ಎಲ್ಲವನ್ನೂ ಕೊಡಲು ನಿಮಗೇ ಹಕ್ಕಿರುವುದಿಲ್ಲ. ಫಾಂಟ್‌ಗೆ ಬೇರೆ ಲೈಸೆನ್ಸ್ ಇದೆ. ಕೊಂಡ ಛಾಯಾಚಿತ್ರಕ್ಕೆ ಬೇರೆ. ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ಕಟ್ಟುವ ತಂತ್ರಾಂಶದಲ್ಲಿ ಕಟ್ಟಿದರೆ, ಅದು 2003ರಿಂದಲೂ ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನಲ್ಲಿ ಇರುವಂಥದ್ದು, ನೀವೂ ಅದರ ಒಡೆಯರಲ್ಲ, ಗ್ರಾಹಕರೂ ಅಲ್ಲ. ಯಾವುದು ಯಾರದು ಎಂದು ಒಂದೊಂದಾಗಿ ಬರೆಯಿರಿ. ನಾನು ಬಳಸುವ ಒಪ್ಪಂದದ ನಮೂನೆಯನ್ನು ಕೆಳಗಿನ ವಿವರಣೆಯಲ್ಲಿ ಇಟ್ಟಿದ್ದೇನೆ, ಒಂದೇ ಪುಟ, ಉಚಿತ. ಈ ವಾಹಿನಿಗೆ ಇನ್ನೂ ಚಂದಾದಾರರಾಗದವರು ಆಗಿ. ನಿಮ್ಮ ಬೆಂಬಲದಿಂದಲೇ ಇಂಥ ನಮೂನೆಗಳನ್ನು ತಯಾರಿಸಲು ನನಗೆ ಸಮಯ ಸಿಗುತ್ತಿದೆ.

ಈಗ ಹೆಸರಿನ ಮಾತು. ಇಲ್ಲಿ ನನ್ನ ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದಿಲ್ಲ. ಕೃತಿಸ್ವಾಮ್ಯದ ಬಗ್ಗೆ ದೇಶಗಳು ತಮ್ಮ ನಡುವೆ ಮಾಡಿಕೊಂಡ ಬರ್ನ್ ಒಪ್ಪಂದ 1886ರದು. 1928ರಲ್ಲಿ ಅದಕ್ಕೆ ಸೇರಿದ ವಿಧಿಯೊಂದು ಹೇಳುತ್ತದೆ: ಆರ್ಥಿಕ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟ ಮೇಲೂ, ಇದು ನನ್ನ ಕೃತಿ ಎಂದು ಹೇಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ. ದೇಶದಿಂದ ದೇಶಕ್ಕೆ ಇದರ ಬಲ ಬೇರೆ ಬೇರೆ, ಕೆಲವೆಡೆ ಬರೆದುಕೊಟ್ಟು ಬಿಡಲೂಬಹುದು. ಆದ್ದರಿಂದಲೇ ಇದನ್ನೂ ಬರೆಯಬೇಕು. ಪುಟದ ಕೆಳಗೆ ಹೆಸರು ಇರುತ್ತದೆಯೇ, ಎಷ್ಟು ದಿನ ಇರುತ್ತದೆ, ಡಿಸೈನರ್ ತನ್ನ ಕೆಲಸಗಳ ಸಂಗ್ರಹದಲ್ಲಿ ಇದನ್ನು ತೋರಿಸಬಹುದೇ, ಎಲ್ಲವನ್ನೂ.

ಕೆಲವು ವರ್ಷಗಳ ಹಿಂದೆ ನಾನು ಮಾಡಿಕೊಟ್ಟ ಒಂದು ತಾಣದಿಂದ ನನ್ನ ಹೆಸರು ಮಾಯವಾಯಿತು. ಹೋಗಲಿ ಎಂದುಕೊಂಡೆ. ಆರು ತಿಂಗಳಾದ ಮೇಲೆ ಇನ್ನೊಬ್ಬ ಡಿಸೈನರ್ ತನ್ನ ಕೆಲಸಗಳ ಸಾಲಿನಲ್ಲಿ ಅದೇ ತಾಣವನ್ನು ಇಟ್ಟುಕೊಂಡಿದ್ದನ್ನು ಕಂಡೆ. ಮೂಲ ಕೋಡ್ ತೆರೆದು ನೋಡಿದೆ. ನಾನು ನನಗಾಗಿಯೇ ಬರೆದುಕೊಂಡಿದ್ದ ಸಾಲು ಹಾಗೆಯೇ ಇತ್ತು: "ಈ ಅಂಚು ಮೊಬೈಲ್‌ನಲ್ಲಿ ಒಡೆಯುತ್ತದೆ, ನಾಳೆ ಬೆಳಿಗ್ಗೆ ಸರಿಪಡಿಸು." ನನ್ನ ರಾತ್ರಿ ಎರಡು ಗಂಟೆಯ ಸಾಲು ಅದು. ಮರುದಿನ ಬೆಳಿಗ್ಗೆ ಆ ಅಂಚನ್ನು ಸರಿಪಡಿಸಿದವನೂ ನಾನೇ. ಗ್ರಾಹಕರಿಗೆ ಫೋನ್ ಮಾಡಿದರೆ ಬಂದ ಉತ್ತರ ನಿಮಗೆ ಗೊತ್ತೇ ಇದೆ: "ಹಣ ಕೊಟ್ಟಿದ್ದೇವಲ್ಲ." ನನ್ನ ಬಳಿ ಕಾಗದ ಇರಲಿಲ್ಲ. ಅವರ ಬಳಿಯೂ ಇರಲಿಲ್ಲ. ಇಬ್ಬರ ಬಳಿಯೂ ಇದ್ದದ್ದು ಅದೇ ರಸೀದಿ!

"ಗೋಡೆ ಕಟ್ಟಿದವನ ಹೆಸರನ್ನು ಗೋಡೆಯ ಮೇಲೆ ಬರೆಸುತ್ತೇವೆಯೇ?" ಎಂದು ಕೇಳುವವರಿದ್ದಾರೆ. ಪುಸ್ತಕದ ಮುಖಪುಟ ಬರೆದವರ ಹೆಸರನ್ನು ಒಳಗೆ ಅಚ್ಚು ಹಾಕುತ್ತೇವೆ, ಛಾಯಾಚಿತ್ರದ ಕೆಳಗೆ ತೆಗೆದವರ ಹೆಸರು ಹಾಕುತ್ತೇವೆ. ವೆಬ್‌ಸೈಟ್ ಬಂದಾಗ ಮಾತ್ರ ಗೋಡೆ ನೆನಪಾಗುತ್ತದೆ. ಒಡೆತನ ನಿಮ್ಮದು, ಕರ್ತೃತ್ವ ಅವನದು. ಎರಡೂ ಒಂದೇ ಪುಟದಲ್ಲಿ ಜಗಳವಿಲ್ಲದೆ ಇರಬಲ್ಲವು.

"ನಾವು ಸ್ನೇಹಿತರು, ನಮ್ಮ ನಡುವೆ ಕಾಗದ ಏಕೆ?" ಇದು ಇನ್ನೊಂದು. ಸ್ನೇಹಿತರಾದ್ದರಿಂದಲೇ ಬೇಕು! ಸ್ನೇಹ ಕೆಟ್ಟ ದಿನ ಬರೆಸಿಕೊಳ್ಳಲು ಆಗುವುದಿಲ್ಲ. "ನಂಬಿಕೆ ಮುಖ್ಯ" ಎನ್ನುತ್ತೀರಿ. ಆ ಮಹಿಳೆಯೂ ನಂಬಿದ್ದರು. ನಾನೂ ನಂಬಿದ್ದೆ. ನಂಬಿಕೆ ಇದ್ದರೆ ಸಹಿ ಹಾಕಲು ಏನು ಕಷ್ಟ? ಹತ್ತು ನಿಮಿಷದ ಕೆಲಸ. ರಸೀದಿ ಬೇರೆ, ಹಕ್ಕುಪತ್ರ ಬೇರೆ! ಇದನ್ನು ಇನ್ನೆಷ್ಟು ಸಲ ಹೇಳಲಿ? ಮುಂದಿನ ಕಂತಿನಲ್ಲೂ ಹೇಳುತ್ತೇನೆ, ಬಣ್ಣದ ಕಂತಿನಲ್ಲೂ ಹೇಳುತ್ತೇನೆ. ಬೇಸರವಾದರೂ ಕೇಳಿಸಿಕೊಳ್ಳಿ.

ಈಗ ಈ ವಿಡಿಯೊವನ್ನು ನಿಲ್ಲಿಸಿ. ಡೊಮೇನ್ ಖಾತೆ ತೆರೆಯಿರಿ, ನೋಂದಾಯಿತರು ಎಂಬ ಜಾಗದಲ್ಲಿ ಯಾರ ಹೆಸರಿದೆ ನೋಡಿ. ಖಾತೆಯ ಪಾಸ್‌ವರ್ಡ್ ನಿಮ್ಮ ಬಳಿ ಇಲ್ಲದಿದ್ದರೆ ಉತ್ತರ ಸಿಕ್ಕಿದಂತೆಯೇ. ಡಿಸೈನರ್‌ಗೆ ಇವತ್ತೇ ಫೋನ್ ಮಾಡಿ, ಹೆಸರನ್ನು ಬದಲಿಸಿಕೊಡಲು ಕೇಳಿ. ಪುಟದ ಕೆಳಗಿದ್ದ ಅವನ ಹೆಸರನ್ನು ನೀವು ತೆಗೆದುಹಾಕಿದ್ದರೆ, ಅದನ್ನು ಮರಳಿ ಹಾಕುತ್ತೇನೆಂದು ಅದೇ ಕರೆಯಲ್ಲಿ ಹೇಳಿ.