ಹುಲಿ ಕರಗಿ ತುಪ್ಪ ಆಯ್ತು, ಆದ್ರೆ ಸೈಮನ್ ಎಲ್ಲಿ?

(ಕ್ಯಾಮೆರಾ ಆನ್. ಮೇಜಿನ ಮೇಲೆ ಒಂದು ಹಿತ್ತಾಳೆ ಪಾತ್ರೆ.)

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಕೊರೀತಾ ಇದೆ. ಒಂದೇ ಕಥೆ, ಬರೆದವರೂ ಒಬ್ಬರೇ. ಅದು ನಾಟಕವಾಗಿ ಬಂದಾಗ ಅಮೆರಿಕದ ಊರೂರಲ್ಲಿ ಆಡಿದರು, ನೋಡಿದವರು ವಾದಕ್ಕೆ ಬಿದ್ದರು. ಹತ್ತು ವರ್ಷ ಆದಮೇಲೆ ಅದೇ ಕಥೆ ದೊಡ್ಡ ತಾರೆಯನ್ನು ಹಾಕಿಕೊಂಡು ಸಿನಿಮಾ ಆಯ್ತು. ಬಂದಿದ್ದೂ ಗೊತ್ತಾಗಲಿಲ್ಲ, ಹೋಗಿದ್ದೂ ಗೊತ್ತಾಗಲಿಲ್ಲ. ಯಾಕೆ ಹೀಗಾಯ್ತು?

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. ನಾಟಕದ ಹೆಸರು 'ಸ್ಪಿನ್ನಿಂಗ್ ಇನ್‌ಟು ಬಟರ್'. ಬರೆದವರು ರೆಬೆಕಾ ಗಿಲ್ಮನ್. 1999ರಲ್ಲಿ ಶಿಕಾಗೋದ ಗುಡ್‌ಮನ್ ಥಿಯೇಟರ್‌ನಲ್ಲಿ ಮೊದಲ ಪ್ರದರ್ಶನ, 2000ದಲ್ಲಿ ನ್ಯೂಯಾರ್ಕ್‌ನ ಲಿಂಕನ್ ಸೆಂಟರ್‌ನಲ್ಲಿ. ಸಿನಿಮಾ ತೆರೆಕಂಡಿದ್ದು 2009ರ ಮಾರ್ಚ್‌ನಲ್ಲಿ. ನಿರ್ದೇಶನ ಮಾರ್ಕ್ ಬ್ರೋಕಾ, ಮುಖ್ಯ ಪಾತ್ರದಲ್ಲಿ ಸಾರಾ ಜೆಸಿಕಾ ಪಾರ್ಕರ್. ಕಥೆ ನಡೆಯೋದು ವರ್ಮಾಂಟ್ ರಾಜ್ಯದ ಬೆಲ್‌ಮಾಂಟ್ ಅನ್ನೋ ಕಾಲ್ಪನಿಕ ಕಾಲೇಜಿನಲ್ಲಿ. ಹೆಚ್ಚುಕಮ್ಮಿ ಎಲ್ಲರೂ ಬಿಳಿಯರೇ ಇರೋ ಕಾಲೇಜು. ಅಲ್ಲಿ ಸೈಮನ್ ಬ್ರಿಕ್ ಅನ್ನೋ ಕಪ್ಪು ವಿದ್ಯಾರ್ಥಿಯ ಹಾಸ್ಟೆಲ್ ಬಾಗಿಲಿಗೆ ಯಾರೋ ಜನಾಂಗದ್ವೇಷದ ಚೀಟಿ ಅಂಟಿಸ್ತಾರೆ. ಕಾಲೇಜಿಗೆ ಕಾಲೇಜೇ ತಲ್ಲಣಿಸುತ್ತೆ. ಇದನ್ನೆಲ್ಲ ನಿಭಾಯಿಸಬೇಕಾದವಳು ವಿದ್ಯಾರ್ಥಿಗಳ ಡೀನ್, ಸಾರಾ ಡೇನಿಯಲ್ಸ್. ಅವಳೂ ಬಿಳಿಯಳು.

ಈಗ ಆ ಹೆಸರಿಗೆ ಬರ್ತೀನಿ. 'ಸುತ್ತಿ ಸುತ್ತಿ ಬೆಣ್ಣೆಯಾಗೋದು' ಅಂದ್ರೆ ಏನು? ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ. ಯಾಕಂದ್ರೆ ಈ ಅಮೆರಿಕನ್ ನಾಟಕದ ಬೇರು ಇರೋದು ನಮ್ಮ ಪಕ್ಕದಲ್ಲೇ, ಕೊಡೈಕನಾಲ್‌ನಿಂದ ಮದ್ರಾಸಿಗೆ ಹೋಗೋ ದಾರಿಯಲ್ಲಿ.

(ಸ್ಕ್ರೀನ್ ಮೇಲೆ: ಹಳೆಯ ರೈಲಿನ ಚಿತ್ರ)

ಹೆಲೆನ್ ಬ್ಯಾನರ್‌ಮನ್ ಅಂತ ಒಬ್ಬ ಸ್ಕಾಟಿಷ್ ಹೆಂಗಸು. ಗಂಡ ಇಂಡಿಯನ್ ಮೆಡಿಕಲ್ ಸರ್ವೀಸ್‌ನಲ್ಲಿ ಡಾಕ್ಟರು. 1898ರಲ್ಲಿ ಮಕ್ಕಳನ್ನು ಬೆಟ್ಟದಲ್ಲಿ ಬಿಟ್ಟು ವಾಪಸ್ ಬರುವಾಗ ಪ್ರಯಾಣದಲ್ಲೇ ಅವರಿಗೋಸ್ಕರ ಒಂದು ಕಥೆ ಬರೀತಾಳೆ, ಚಿತ್ರಗಳನ್ನೂ ತಾನೇ ಬಿಡಿಸ್ತಾಳೆ. ಮರುವರ್ಷ ಅದು ಲಂಡನ್‌ನಲ್ಲಿ ಪುಸ್ತಕವಾಗುತ್ತೆ. ಹೆಸರು 'ದಿ ಸ್ಟೋರಿ ಆಫ್ ಲಿಟಲ್ ಬ್ಲ್ಯಾಕ್ ಸ್ಯಾಂಬೋ'.

ಕಥೆ ಏನಪ್ಪಾ ಅಂದ್ರೆ, ಒಬ್ಬ ಪುಟ್ಟ ಹುಡುಗ ಹೊಸ ಬಟ್ಟೆ ಹಾಕ್ಕೊಂಡು ಕಾಡಿಗೆ ಹೋಗ್ತಾನೆ. ಕೆಂಪು ಕೋಟು, ನೀಲಿ ಚಡ್ಡಿ, ನೇರಳೆ ಬೂಟು, ಹಸಿರು ಕೊಡೆ. ನಾಲ್ಕು ಹುಲಿ ಒಂದೊಂದಾಗಿ ಎದುರಾಗ್ತವೆ. ಒಂದೊಂದು ಹುಲಿಗೆ ಒಂದೊಂದು ಕೊಟ್ಟು ಹುಡುಗ ಜೀವ ಉಳಿಸಿಕೊಳ್ತಾನೆ. ಆಮೇಲೆ ಹುಲಿಗಳಿಗೇ ಜಗಳ, ನಾನು ಚೆಂದ, ನಾನು ಚೆಂದ ಅಂತ. ಒಂದರ ಬಾಲ ಒಂದು ಕಚ್ಚಿಕೊಂಡು ಮರದ ಸುತ್ತ ಓಡೋಕೆ ಶುರು ಮಾಡ್ತವೆ. ಜೋರಾಗಿ, ಇನ್ನೂ ಜೋರಾಗಿ, ಕಾಲು ಕಾಣದಷ್ಟು ಜೋರಾಗಿ. ಕೊನೆಗೆ ಹುಲಿಗಳೇ ಕರಗಿಹೋಗ್ತವೆ! ಮರದ ಬುಡದಲ್ಲಿ ಉಳಿಯೋದು ಕರಗಿದ ಬೆಣ್ಣೆಯ ಮಡು. ಬ್ಯಾನರ್‌ಮನ್ ಅಲ್ಲೇ ಬರೀತಾಳೆ, ಇಂಡಿಯಾದಲ್ಲಿ ಇದನ್ನ 'ಘೀ' ಅಂತಾರೆ ಅಂತ. ಅಂದ್ರೆ ತುಪ್ಪ! ಕೆಲಸ ಮುಗಿಸಿ ಬರ್ತಿದ್ದ ಹುಡುಗನ ಅಪ್ಪ ಅದನ್ನ ಒಂದು ದೊಡ್ಡ ಹಿತ್ತಾಳೆ ಪಾತ್ರೆಗೆ ತುಂಬಿಕೊಂಡು ಮನೆಗೆ ತರ್ತಾನೆ. ಅಮ್ಮ ಆ ತುಪ್ಪದಲ್ಲಿ ಸಿಹಿ ದೋಸೆ ಥರದ ಪ್ಯಾನ್‌ಕೇಕ್ ಮಾಡ್ತಾಳೆ. ಅಮ್ಮ 27 ತಿಂತಾಳೆ, ಅಪ್ಪ 55, ಹುಡುಗ 169!

ಮೇಜಿನ ಮೇಲೆ ಈ ಪಾತ್ರೆ ಯಾಕಿದೆ ಅಂತ ಈಗ ಗೊತ್ತಾಯ್ತಲ್ಲ. ನಮ್ಮಜ್ಜಿ ತುಪ್ಪ ಕಾಯಿಸ್ತಿದ್ದ ಪಾತ್ರೆ ಇದು. ಬೆಣ್ಣೆ ಕರಗಿ, ನೊರೆ ಎದ್ದು, ಚಟಪಟ ಸದ್ದು ನಿಂತು, ತಳದಲ್ಲಿ ಕಂದು ಗಸಿ ಕೂತಾಗ ಅಜ್ಜಿ ಒಂದು ವೀಳ್ಯದೆಲೆ ಹಾಕ್ತಿದ್ದರು. ಆ ಹೊಂಬಣ್ಣ ಕಣ್ಣಿಗೆ ಕಟ್ಟಿದ ಮೇಲೆ ಹುಲಿಯ ಬಣ್ಣದಿಂದ ಈ ಕಥೆ ಎಲ್ಲಿಗೆ ಜಿಗೀತು ಅನ್ನೋದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಆದ್ರೆ ಕಥೆ ಸಮುದ್ರ ದಾಟಿದ ಮೇಲೆ ಆಗಿದ್ದೇ ಬೇರೆ. ಕಾಡಲ್ಲಿ ಹುಲಿ ಇದೆ, ಮನೆಯಲ್ಲಿ ತುಪ್ಪ ಇದೆ, ಆದ್ರೆ ಚಿತ್ರದಲ್ಲಿರೋ ಹುಡುಗ ಆಫ್ರಿಕಾದವನ ವ್ಯಂಗ್ಯಚಿತ್ರದ ಹಾಗೆ ಇದ್ದಾನೆ. 'ಸ್ಯಾಂಬೋ' ಅನ್ನೋದು ಕಪ್ಪು ಜನರನ್ನು ಹೀಗಳೆಯೋಕೆ ಬಳಸ್ತಿದ್ದ ಹೆಸರು. ಪುಸ್ತಕದ ಹಕ್ಕು ಲೇಖಕಿಯ ಕೈತಪ್ಪಿತ್ತು. ಹಾಗಾಗಿ ಅಮೆರಿಕದಲ್ಲಿ ಸಿಕ್ಕಸಿಕ್ಕವರು ಇನ್ನೂ ಕೀಳು ಚಿತ್ರಗಳನ್ನು ಹಾಕಿ ಅಚ್ಚು ಹಾಕಿದರು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1930ರ ದಶಕದಲ್ಲೇ ಇದು ಕಪ್ಪು ಮಗುವಿನ ಮನಸ್ಸಿಗೆ ನೋವು ಮಾಡೋ ಪುಸ್ತಕ ಅಂತ ಬರೆದರು. ಇಡೀ ತರಗತಿ ಆ ಚಿತ್ರ ನೋಡಿ ನಗುವಾಗ ಅಲ್ಲಿ ಕೂತಿರೋ ಒಬ್ಬನೇ ಒಬ್ಬ ಕಪ್ಪು ಹುಡುಗ ಎಲ್ಲಿ ನೋಡಬೇಕು? 1996ರಲ್ಲಿ ಇದೇ ಕಥೆ 'ದಿ ಸ್ಟೋರಿ ಆಫ್ ಲಿಟಲ್ ಬಾಬಾಜಿ' ಅಂತ ಭಾರತದ ಹೆಸರುಗಳ ಜೊತೆ ಮತ್ತೆ ಬಂತು. ಬರಬೇಕಾಗಿದ್ದೇ ಹಾಗೆ, ಆದ್ರೆ ತೊಂಬತ್ತೇಳು ವರ್ಷ ತಡ ಆಯ್ತು.

ಗಿಲ್ಮನ್ ನಾಟಕದಲ್ಲಿ ಸೈಮನ್‌ನ ಬಾಗಿಲಿನ ಚೀಟಿ ನೆನಪಿಸೋದು ಇದೇ ಕಥೆಯನ್ನ. ಇನ್ನು ಬಾಲ ಹಿಡ್ಕೊಂಡು ಸುತ್ತೋರು ಯಾರು? ನನ್ನ ಪ್ರಕಾರ ಡೀನ್‌ಗಳು, ಪ್ರೊಫೆಸರ್‌ಗಳು. ಸಭೆ ಕರೀತಾರೆ, ಭಾಷಣ ಮಾಡ್ತಾರೆ, ಕಾರ್ಯಯೋಜನೆ ಬರೀರಿ ಅಂತಾರೆ. ಒಬ್ಬ ಬಿಳಿಯ ವಿದ್ಯಾರ್ಥಿ 'ಸಹಿಷ್ಣುತೆಗಾಗಿ ವಿದ್ಯಾರ್ಥಿಗಳು' ಅಂತ ಸಂಘ ಕಟ್ತಾನೆ. ಎಲ್ಲರೂ ಸೈಮನ್ ಬಗ್ಗೆ ಮಾತಾಡ್ತಾರೆ, ಸೈಮನ್ ಜೊತೆ ಮಾತಾಡೋಕೆ ಯಾರಿಗೂ ಪುರುಸೊತ್ತಿಲ್ಲ.

ನನ್ನನ್ನ ಹಿಡಿದು ನಿಲ್ಲಿಸಿದ ವಿಷಯ ಇದು: ನಾಟಕದಲ್ಲಿ ಸೈಮನ್ ವೇದಿಕೆಗೆ ಬರೋದೇ ಇಲ್ಲ. ಒಂದು ಸಲವೂ ಇಲ್ಲ. ಎರಡು ಗಂಟೆ ಯಾರ ಹೆಸರಲ್ಲಿ ಇಷ್ಟೆಲ್ಲ ನಡೆಯುತ್ತೋ ಅವನ ಮುಖ ನಾವು ನೋಡಲ್ಲ.

ಪ್ರೇಕ್ಷಕರು ಎರಡು ಪಾಲಾಗಿದ್ದು ಇಲ್ಲೇ. ಒಂದು ಗುಂಪು ಹೇಳಿತು: ಕಪ್ಪು ಜನರ ನೋವಿನ ಮೇಲೆ ನಾಟಕ ಕಟ್ಟಿ ಕಪ್ಪು ವ್ಯಕ್ತಿಗೆ ಬಾಯಿಯನ್ನೇ ಕೊಡದಿದ್ದರೆ ಹೇಗೆ? ಅದರ ಮೇಲೆ ಕೊನೆಗೆ ಗೊತ್ತಾಗೋದೇನು? ಆ ಚೀಟಿಗಳನ್ನ ಬರೆದಿದ್ದು ಸೈಮನ್ನೇ! (ನಾಟಕ ನೋಡಬೇಕು ಅಂದ್ಕೊಂಡಿದ್ದವರು ಕ್ಷಮಿಸಿ, ಇದನ್ನ ಹೇಳದೆ ಮುಂದೆ ಹೋಗೋಕಾಗಲ್ಲ.) ಜನಾಂಗದ್ವೇಷದ ದೂರು ಬಂದಾಗಲೆಲ್ಲ 'ಇವರೇ ಮಾಡಿಕೊಂಡಿರ್ತಾರೆ' ಅನ್ನೋರಿಗೆ ಇದು ಕೋಲು ಕೊಟ್ಟ ಹಾಗಲ್ಲವಾ? ಈ ಆಕ್ಷೇಪ ನನಗೆ ಸರಿಯಾಗಿಯೇ ಕಾಣುತ್ತೆ. ಇನ್ನೊಂದು ಗುಂಪು ಹೇಳಿತು: ಆ ಖಾಲಿ ಜಾಗವೇ ನಾಟಕ. ಅವನನ್ನ ಯಾರೂ ನೋಡ್ತಾ ಇಲ್ಲ ಅಂತ ಹೇಳೋಕೆ ಅವನನ್ನ ತೋರಿಸದೇ ಇರೋದಕ್ಕಿಂತ ನೇರವಾದ ದಾರಿ ಯಾವುದಿದೆ?

ಸಾರಾಳ ತಪ್ಪೊಪ್ಪಿಗೆ ಬರೋದು ಇದರ ನಡುವೆ. ಈ ಕಾಲೇಜಿಗೆ ಬರೋ ಮುಂಚೆ ಅವಳು ಶಿಕಾಗೋದಲ್ಲಿ ಕಪ್ಪು ವಿದ್ಯಾರ್ಥಿಗಳೇ ಹೆಚ್ಚಿದ್ದ ಕಾಲೇಜಿನಲ್ಲಿ ಕೆಲಸ ಮಾಡಿರ್ತಾಳೆ. ಪುಸ್ತಕ ಓದಿದ್ದಾಳೆ, ಒಳ್ಳೆಯ ಮಾತು ಕಲಿತಿದ್ದಾಳೆ. ಆದ್ರೂ ರೈಲು ಹತ್ತಿದಾಗ ಯಾರ ಪಕ್ಕ ಕೂರಬೇಕು ಅಂತ ಮನಸ್ಸು ಚರ್ಮದ ಬಣ್ಣ ನೋಡಿ ಲೆಕ್ಕ ಹಾಕ್ತಿತ್ತು ಅಂತ ಒಪ್ಕೊಳ್ತಾಳೆ.

ಅದನ್ನ ಓದಿದಾಗ ನನಗೆ ನೆನಪಾಗಿದ್ದು ಬೆಂಗಳೂರು ಮೆಟ್ರೋದ ಒಂದು ಸಂಜೆ. ಮೆಜೆಸ್ಟಿಕ್‌ನಲ್ಲಿ ಬೋಗಿ ತುಂಬಿಹೋಗಿತ್ತು, ಕಾಲಿಡೋಕೆ ಜಾಗ ಇಲ್ಲ. ಸೀಟಿನ ಸಾಲಿನ ತುದಿಯಲ್ಲಿ ಆಫ್ರಿಕಾದ ಹುಡುಗನೊಬ್ಬ, ಕಾಲೇಜು ಬ್ಯಾಗನ್ನ ತೊಡೆ ಮೇಲೆ ಇಟ್ಕೊಂಡು ಫೋನ್ ನೋಡ್ತಾ ಕೂತಿದ್ದ. ಅವನ ಪಕ್ಕದ ಸೀಟು ಖಾಲಿ. ಮೂರು ಸ್ಟೇಷನ್ ಹೋಯ್ತು. ಎಲ್ಲರೂ ಜೋತಾಡ್ತಾ ನಿಂತಿದ್ದಾರೆ, ಆ ಸೀಟು ಹಾಗೇ ಇದೆ. ನಾನೂ ನಿಂತಿದ್ದೆ. ಆ ಹುಡುಗ ಬ್ಯಾಗನ್ನ ಇನ್ನಷ್ಟು ಎದೆಗವುಚಿಕೊಂಡು ಮೂಲೆಗೆ ಒತ್ತಿ ಕೂತ, ಜಾಗ ಸಾಲದಿರೋದಕ್ಕೆ ಯಾರೂ ಕೂರ್ತಿಲ್ಲವೇನೋ ಅನ್ನೋ ಹಾಗೆ. ಆಮೇಲೆ ನಾನು ಹೋಗಿ ಕೂತೆ. ಆದ್ರೆ ಮೂರು ಸ್ಟೇಷನ್ ಯಾಕೆ ಬೇಕಾಯ್ತು? ಸಾರಾಳ ಮಾತು ನನ್ನನ್ನ ಕೇಳಿದ್ದು ಅದನ್ನೇ. ಥಿಯೇಟರಿನ ಕತ್ತಲಲ್ಲಿ ಕೂತವರಿಗೂ ಅವರವರ ಸೀಟು ನೆನಪಾಗಿರಬೇಕು. ಅದಕ್ಕೇ ಕೆಲವರು ಎಂಥ ಧೈರ್ಯ ಅಂದರು, ಇನ್ನು ಕೆಲವರು ಇವಳ ಪಶ್ಚಾತ್ತಾಪ ನಾವ್ಯಾಕೆ ಕೇಳಬೇಕು ಅಂದರು.

ವಿಡಿಯೋ ಉದ್ದ ಆಗ್ತಾ ಇದೆ, ಸಿನಿಮಾದ ವಿಷಯ ಒಟ್ಟಿಗೆ ಹೇಳಿಬಿಡ್ತೀನಿ. ಸಿನಿಮಾದಲ್ಲಿ ಸೈಮನ್ ಕಾಣಿಸ್ತಾನೆ, ಅವನಿಗೊಬ್ಬ ನಟ ಇದ್ದಾನೆ. ನಾಟಕದಲ್ಲಿ ಇಲ್ಲದ ಒಬ್ಬ ಕಪ್ಪು ವರದಿಗಾರನ ಪಾತ್ರವನ್ನೂ ಸೇರಿಸಿದರು, ಮೈಕೆಲ್ಟಿ ವಿಲಿಯಮ್‌ಸನ್ ಮಾಡಿದ್ದಾರೆ. ಆ ಹಳೇ ಆಕ್ಷೇಪಕ್ಕೆ ಇದು ಉತ್ತರ ಇರಬಹುದು. ಆದ್ರೆ ಖಾಲಿ ಜಾಗ ತುಂಬಿದ ತಕ್ಷಣ ನೋಡುಗರನ್ನ ಚುಚ್ಚುತ್ತಿದ್ದ ಮುಳ್ಳೂ ಹೋಯ್ತು. ಎರಡನೇ ಕಾರಣ, ಕಾಲ. ಬರಾಕ್ ಒಬಾಮಾ ಅಧ್ಯಕ್ಷರಾಗಿ ಎರಡು ತಿಂಗಳು ಆಗಿತ್ತು ಅಷ್ಟೇ, ದೇಶ ಬೇರೆಯದೇ ಮಾತಿನಲ್ಲಿ ಮುಳುಗಿತ್ತು. ಮೂರನೆಯದು, ವೇದಿಕೆ ಮೇಲೆ ಒಬ್ಬಳೇ ನಿಂತು ಆಡೋ ದೀರ್ಘ ಮಾತು ಕ್ಲೋಸಪ್‌ನಲ್ಲಿ ಭಾಷಣ ಆಗಿಬಿಡುತ್ತೆ. ವಿಮರ್ಶಕರಲ್ಲಿ ಹೆಚ್ಚಿನವರಿಗೆ ಸಿನಿಮಾ ಹಿಡಿಸಲಿಲ್ಲ. ನನಗೆ ಪಾರ್ಕರ್ ನಟನೆ ಬಗ್ಗೆ ದೂರಿಲ್ಲ. ದೂರು ಇರೋದು ಎಲ್ಲವನ್ನೂ ತೋರಿಸಿಬಿಡೋ ಆ ಕ್ಯಾಮೆರಾ ಬಗ್ಗೆ.

ನಾಟಕ ಮುಗಿಯೋದು ಹೇಗೆ ಗೊತ್ತಾ? ಸೈಮನ್‌ನನ್ನ ಕಾಲೇಜಿನಿಂದ ತೆಗೆದುಹಾಕಿರ್ತಾರೆ. ಸಾರಾಳ ಕೆಲಸವೂ ಹೋಗಿರುತ್ತೆ. ಅವಳು ಫೋನ್ ಎತ್ತಿ ಸೈಮನ್‌ಗೆ ಕಾಲ್ ಮಾಡ್ತಾಳೆ. ಮೊದಲನೇ ಸಲ ಒಬ್ಬರು ಅವನ ಜೊತೆ ಮಾತಾಡ್ತಾ ಇದ್ದಾರೆ. ಅವಳು ಕೇಳಿಸಿಕೊಳ್ತಾಳೆ. ಆ ಕಡೆಯಿಂದ ಅವನು ಏನು ಹೇಳ್ತಿದ್ದಾನೆ ಅನ್ನೋದು ಮಾತ್ರ ನಮಗೆ ಕೇಳಿಸೋದಿಲ್ಲ.