ಬಟ್ಟೆ ಮುಟ್ಟಿ ನೋಡಿ ತಗೊಳ್ಳಿ

ಕೇಳುಗರಿಗೆಲ್ಲ ನಮಸ್ಕಾರ. ಗಂಡಸರು ಹೆಂಗಸರು ಬಟ್ಟೆ ತಗೊಳ್ಳೋ ರೀತಿಲಿ ಏನು ವ್ಯತ್ಯಾಸ ಅನ್ನೋದರ ಬಗ್ಗೆ ಮಾತಾಡಿ ಅಂತ ಕರೆದಿದಾರೆ. ಬೆಂಗಳೂರು ಚಿಕ್ಕಪೇಟೆಲಿ ಗಾದಿ ಮೇಲೆ ಕೂತು ವರ್ಷಾನುಗಟ್ಟಲೆ ಸೀರೆ ಬಿಚ್ಚಿ ತೋರಿಸಿದೋನು ನಾನು, ಆಮೇಲೆ ರೆಡಿಮೇಡ್ ಸೆಕ್ಷನ್ನೂ ನೋಡ್ಕೊಂಡೆ, ಹಾಗಾಗಿ ವ್ಯಾಪಾರದೋನ ಕಣ್ಣಲ್ಲಿ ಏನು ಕಂಡಿದೀನೋ ಅದನ್ನ ಹೇಳ್ತೀನಿ. ವಿಷಯ ಒಂದೇ. ಹೆಂಗಸರು ಬಟ್ಟೆ ನೋಡ್ತಾರೆ, ಗಂಡಸರು ನಂಬರ್ ನೋಡ್ತಾರೆ.

ಗಂಡಸರು ಬರ್ತಾರೆ, "40 ಸೈಜು, ನೀಲಿ ಕಲರ್, ಫುಲ್ ಸ್ಲೀವ್" ಅಂತಾರೆ, ಪ್ಯಾಕೆಟ್ ಮೇಲಿಂದಾನೇ ನೋಡಿ ಬಿಲ್ ಮಾಡಿಸ್ತಾರೆ, ಹೋಗ್ತಾರೆ. ಹೆಂಗಸರು ಮಡಿಕೆ ಬಿಚ್ಚಿಸ್ತಾರೆ, ಸೆರಗು ನೋಡ್ತಾರೆ, ಒಡಲಿನ ಬಣ್ಣಕ್ಕೂ ಅಂಚಿಗೂ ಹೊಂದುತ್ತಾ ನೋಡ್ತಾರೆ, ಬ್ಲೌಸ್ ಪೀಸ್ ಇದೆಯಾ ಕೇಳ್ತಾರೆ, ಅದನ್ನ ಬಿಟ್ಟು 5.5 ಮೀಟರ್ ಪೂರ್ತಿ ಇದೆಯಾ ಅಂತಾನೂ ಕೇಳ್ತಾರೆ, ಹೆಗಲ ಮೇಲೆ ಹಾಕ್ಕೊಂಡು ಕನ್ನಡಿ ಮುಂದೆ ನಿಲ್ತಾರೆ. ಇದನ್ನ ನೋಡಿ "ಹೆಂಗಸರ ಜೊತೆ ಬಟ್ಟೆ ಅಂಗಡಿಗೆ ಹೋದ್ರೆ ಇಡೀ ದಿನ ಹಾಳು" ಅಂತ ಬಾಗಿಲ ಹತ್ರ ಕೂತ್ಕೊಂಡು ಗೊಣಗೋ ಯಜಮಾನರುಗಳನ್ನ ಎಷ್ಟು ಜನಾನ ನೋಡಿದೀನೋ. ಸ್ವಾಮಿ, ದಿನ ಹಾಳಾಗ್ತಿಲ್ಲ ಅಲ್ಲಿ, ಪರೀಕ್ಷೆ ನಡೀತಿದೆ.

ಒಂದು ಮದುವೆ ಜವಳಿ ವಿಷಯ ಹೇಳ್ಲೇಬೇಕು. ದೊಡ್ಡಬಳ್ಳಾಪುರದ ಕಡೆಯಿಂದ ಒಂದು ಕುಟುಂಬ ಬಂದಿತ್ತು, ಹುಡುಗಿ, ಅವಳ ತಾಯಿ, ಸೋದರಮಾವ, ಮತ್ತೆ ಒಬ್ರು ಅಜ್ಜಿ. ದೊಡ್ಡಬಳ್ಳಾಪುರ ಅಂದ್ಮೇಲೆ ಗೊತ್ತಲ್ಲ, ಬೀದಿ ಬೀದಿಲಿ ಮಗ್ಗದ ಸದ್ದು ಕೇಳೋ ಊರು. ಅಜ್ಜಿ ಗಾದಿ ಮೇಲೆ ಕೂತ್ರು, ನಾನು ಒಂದೊಂದೇ ಸೀರೆ ಹರಡ್ತಾ ಹೋದೆ. ಅವರು ಬಣ್ಣ ಆಮೇಲೆ ನೋಡ್ತಿದ್ರು, ಮೊದಲು ಬಟ್ಟೆನ ಮುಷ್ಟಿಲಿ ಹಿಡಿದು ಬಿಡೋರು, ಸುಕ್ಕು ನಿಲ್ಲುತ್ತಾ ನೋಡೋರು, ಆಮೇಲೆ ತಿರುವಿ ಹಿಂಭಾಗದಲ್ಲಿ ದಾರ ಬಿಟ್ಕೊಂಡಿದೆಯಾ ನೋಡೋರು, ಕರ್ಚೀಫ್ ಒದ್ದೆ ಮಾಡಿ ಒಂದು ಮೂಲೆಲಿ ಒತ್ತಿ ಬಣ್ಣ ಬಿಡುತ್ತಾ ನೋಡೋರು. ಒಂದು ಸೀರೆ ಹುಡುಗಿಗೆ ತುಂಬಾ ಇಷ್ಟ ಆಯ್ತು. ಅಜ್ಜಿ ಸೆರಗಿನ ತುದಿಲಿ ನೇತಾಡ್ತಿದ್ದ ಒಂದೇ ಒಂದು ಜರಿ ಎಳೆ ತಗೊಂಡು ಉಗುರಲ್ಲಿ ಕೆರೆದ್ರು. ಅಸಲಿ ಜರಿ ಆದ್ರೆ ಒಳಗೆ ಕೆಂಪು ರೇಷ್ಮೆ ಎಳೆ ಇರುತ್ತೆ, ಅದರ ಮೇಲೆ ಬೆಳ್ಳಿ ತಂತಿ ಸುತ್ತಿ ಚಿನ್ನದ ನೀರು ಕೊಟ್ಟಿರ್ತಾರೆ. ಇದರಲ್ಲಿ ಬಿಳಿ ಎಳೆ ಬಂತು. "ಇದು ಅಸಲಿ ರೇಟಲ್ಲಿ ಬೇಡ ಕಣಪ್ಪಾ" ಅಂದ್ರು ಅಷ್ಟೇ, ಜಗಳ ಇಲ್ಲ ಏನಿಲ್ಲ. ನಮ್ಮ ಅಂಗಡಿ ಯಜಮಾನರು ಎದ್ದು ಬಂದು ಬೇರೆ ರೇಟ್ ಹೇಳಿದ್ರು.

ಅಷ್ಟ್ರಲ್ಲಿ ಸೋದರಮಾವ ಪಕ್ಕದ ಕೌಂಟರಲ್ಲಿ ಒಂದು ಶರ್ಟ್ ತಗೊಂಡು ಬಿಲ್ಲೂ ಮಾಡಿಸಿ ಆಗಿತ್ತು, ಕಾಫಿ ಬರೋ ಮೊದಲೇ. ಅಜ್ಜಿ ಅದನ್ನ ಇಸ್ಕೊಂಡು ಪಿನ್ ತೆಗೆದ್ರು, ಒಳಗಡೆ ಮಾಡಿ ಪಕ್ಕದ ಹೊಲಿಗೆನ ಎರಡೂ ಕೈಲಿ ಎಳೆದ್ರು, ಹೊಲಿಗೆ ಮಧ್ಯ ಸಂದಿ ಕಾಣಿಸ್ತು. ಬಟ್ಟೆನ ಉಜ್ಜಿದ್ರು, ಬೆರಳಿಗೆ ಗಂಜಿ ಪುಡಿ ಅಂಟ್ತು. "ಏನೋ, ನಿಮ್ಮಪ್ಪ ಪಂಚೆ ತಗೊಳ್ಳೋವಾಗ ಬೆಳಕಿಗೆ ಹಿಡೀದೆ ದುಡ್ಡು ಕೊಟ್ಟೋನಲ್ಲ, ನೀನು ಪಿನ್ನೇ ತೆಗೆದಿಲ್ಲವಲ್ಲೋ" ಅಂದ್ರು. ಆ ಶರ್ಟ್ ವಾಪಸ್ ಹೋಯ್ತು.

ಆ ಮಾತಲ್ಲೇ ಎಲ್ಲಾ ಇದೆ. ಇದು ಹುಟ್ಟಿನಿಂದ ಬರೋ ಗುಣ ಅಂತ ದಯವಿಟ್ಟು ಹೇಳ್ಬೇಡಿ. ಹಿಂದೆ ಗಂಡಸರೂ ಪಂಚೆ, ಶಲ್ಯ ಕೈಲಿ ಮುಟ್ಟೇ ತಗೋತಿದ್ರು, ಶರ್ಟ್ ಪೀಸ್ ಪ್ಯಾಂಟ್ ಪೀಸ್ ತಗೊಂಡು ಟೈಲರ್‌ಗೆ ಕೊಡೋ ಕಾಲದಲ್ಲೂ ಪನ್ನ ಎಷ್ಟು, ಅಂದ್ರೆ ಬಟ್ಟೆ ಅಗಲ ಎಷ್ಟು, ತೊಳೆದ್ರೆ ಕುಗ್ಗುತ್ತಾ ಅಂತ ಕೇಳ್ತಿದ್ರು. ರೆಡಿಮೇಡ್ ಬಂತು, ಗಂಡಸರ ಬಟ್ಟೆಗೆ ನಂಬರ್ ಬಂತು, ಕೈಗೆ ಕೆಲಸ ಇಲ್ಲದಂಗಾಯ್ತು. ಹೆಂಗಸರ ಹತ್ರ ಸೀರೆ ಉಳೀತು, ಸೀರೆಗೆ ಸೈಜ್ ನಂಬರ್ ಇಲ್ಲ, ಹಾಗಾಗಿ ಮುಟ್ಟಿ ನೋಡೋದೂ ಉಳೀತು.

ಇನ್ನು ಆ ನಂಬರನ್ನಾದ್ರೂ ನಂಬಬಹುದಾ? ಒಂದು ಕಂಪನಿ ಶರ್ಟಲ್ಲಿ 40 ಅಂದ್ರೆ ಕಾಲರ್ ಸುತ್ತಳತೆ ಸೆಂಟಿಮೀಟರ್ ಲೆಕ್ಕ, ಇನ್ನೊಂದರಲ್ಲಿ 40 ಅಂದ್ರೆ ಎದೆ ಸುತ್ತಳತೆ ಇಂಚಿನ ಲೆಕ್ಕ. ಹೆಂಗಸರ ಕುರ್ತಾದಲ್ಲಂತೂ ಒಬ್ಬರ ಮೀಡಿಯಂ ಇನ್ನೊಬ್ಬರ ಲಾರ್ಜ್, ಅದಕ್ಕೇ ಅವರು ಮೂರು ಪೀಸ್ ಹಿಡ್ಕೊಂಡು ಟ್ರಯಲ್ ರೂಮಿಗೆ ಹೋಗೋದು. ನಮ್ಮ ಜನರ ಮೈಕಟ್ಟಿಗೆ ನಮ್ಮದೇ ಸೈಜ್ ಚಾರ್ಟ್ ಬೇಕು ಅಂತಾನೇ ಫ್ಯಾಶನ್ ಕಲಿಸೋ ಸರ್ಕಾರಿ ಸಂಸ್ಥೆ ನಿಫ್ಟ್‌ನವರು ಇಂಡಿಯಾಸೈಜ್ ಅಂತ 15ರಿಂದ 65 ವಯಸ್ಸಿನ ಜನರನ್ನ ಸ್ಕ್ಯಾನರಲ್ಲಿ ಅಳೆಯೋ ಕೆಲಸ ಕೈಗೆತ್ಕೊಂಡಿದ್ದು.

ಟೈಮ್ ಆಗ್ತಾ ಬಂತು ಅಂತ ಸನ್ನೆ ಮಾಡ್ತಿದಾರೆ, ಆನ್‌ಲೈನ್ ಬಗ್ಗೆ ಹೇಳ್ಬೇಕಿತ್ತು, ಒಂದು ಮಾತು ಮಾತ್ರ, ಪ್ಯಾಕೆಟ್ ಬಂದ ದಿನಾನೇ ಬಿಚ್ಚಿ ನೋಡಿ, ವಾಪಸ್ ಕೊಡೋ ಗಡುವು ಮೀರೋತನಕ ಇಟ್ಕೋಬೇಡಿ. ರೇಷ್ಮೆ ಆದ್ರೆ, ಅಪ್ಪಟ ರೇಷ್ಮೆ ಅಂತ ಖಾತ್ರಿ ಕೊಡೋ ಸಿಲ್ಕ್ ಮಾರ್ಕ್ ಲೇಬಲ್ ಕೇಳಿ. ಗಂಡಸರಿಗೆ ವಿಶೇಷವಾಗಿ ಕೇಳ್ಕೋತೀನಿ, ಮುಂದಿನ ಸಲ ಶರ್ಟಿನ ಪಿನ್ ತೆಗೆಸಿ, ಒಳಗಡೆ ತಿರುವಿ, ಹೊಲಿಗೆ ಎಳೆದು ನೋಡಿ, ಪ್ಯಾಂಟ್ ಆದ್ರೆ ಹಾಕ್ಕೊಂಡು ಕೂತು ಎದ್ದು ನೋಡಿ. ಅಂಗಡಿಯವರು ಮುಖ ಸಿಂಡರಿಸಿದ್ರೆ ಸಿಂಡರಿಸಲಿ, ದುಡ್ಡು ನಿಮ್ಮದು. ನಮಸ್ಕಾರ.