50 ಸಿಸಿನಾ, 60 ಸಿಸಿನಾ? ನಮ್ಮ ನೀಲಗಿರಿ ತೋಪಿಗೆ ಯಾವ ಚೈನ್ ಸಾ

ನಮಸ್ಕಾರ. ಈ ವಿಡಿಯೋ ಮರ ಕೊಯ್ಯುವ ಮೆಷಿನ್ ಬಗ್ಗೆ, ಅಂದರೆ ಚೈನ್ ಸಾ. ದುಡ್ಡು ಕೊಡುವ ಮೊದಲು ಏನೇನು ನೋಡಿದೆ, ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ ಅನ್ನುವುದನ್ನು ಹೇಳುತ್ತೇನೆ. ಕೊನೆಯವರೆಗೂ ನೋಡಿ, ಯಾಕಂದರೆ ಮೆಷಿನ್‌ಗಿಂತ ಚೈನ್ ಬಗ್ಗೆ ಹೇಳುವುದೇ ಜಾಸ್ತಿ ಇದೆ.

ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರ ತಾಲ್ಲೂಕು. ಸ್ಕ್ರೀನ್ ಮೇಲೆ ಕಾಣುತ್ತಿರುವುದು ನಮ್ಮ ನೀಲಗಿರಿ ತೋಪು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿತು, ಆದರೆ ಅದಕ್ಕೂ ಮೊದಲು ನೆಟ್ಟಿದ್ದು ಹಾಗೇ ಇದೆ. ಕಡಿದರೆ ಸಾಯುವ ಮರವೂ ಅಲ್ಲ, ಬೊಡ್ಡೆಯಿಂದ ಮತ್ತೆ ನಾಲ್ಕೈದು ಚಿಗುರು ಎದ್ದು ನಿಲ್ಲುತ್ತದೆ. ತೋಪಿನ ಪಕ್ಕ ಹಳೆಯ ತೋತಾಪುರಿ ಮಾವು, ಕೊಂಬೆಗೆ ಕೊಂಬೆ ತಾಗಿ ಒಳಗೆ ಬಿಸಿಲೇ ಬೀಳುವುದಿಲ್ಲ, ಕೊಯ್ಲು ಮುಗಿದ ಮೇಲೆ ದಪ್ಪ ಕೊಂಬೆ ತೆಗೆದು ಮರಕ್ಕೆ ಗಾಳಿ ಬೆಳಕು ಬಿಡಬೇಕು. ಬೇಲಿ ಉದ್ದಕ್ಕೂ ಬಳ್ಳಾರಿ ಜಾಲಿ. ಇಷ್ಟಕ್ಕೂ ಒಂದೇ ಮೆಷಿನ್ ಬೇಕು.

ಮೊದಲು ಒಂದು ಮಾತು. ನೀಲಗಿರಿ, ಸಿಲ್ವರ್ ಓಕ್, ಸರ್ವೆ, ಬಳ್ಳಾರಿ ಜಾಲಿ ಇವನ್ನು ನಮ್ಮ ಜಮೀನಿನಲ್ಲಿ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಬೇರೆ ಮರ ಬುಡಸಮೇತ ಉರುಳಿಸುವುದಾದರೆ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಕೇಳಿಕೊಂಡೇ ಮುಂದುವರಿಯಿರಿ.

ಈಗ ಮೆಷಿನ್‌ಗೆ ಬರೋಣ. ಅಂಗಡಿಗೆ ಹೋದರೆ ಮೊದಲು ತೋರಿಸುವುದು 58 ಸಿಸಿ, 22 ಇಂಚು ಬಾರ್ ಅಂತ ಸ್ಟಿಕ್ಕರ್ ಇರುವ ಕಡಿಮೆ ಬೆಲೆಯ ಮೆಷಿನ್. ಬಾರ್ ಅಂದರೆ ಚೈನ್ ಸುತ್ತ ಓಡುವ ಉದ್ದ ಪಟ್ಟಿ. ಸಿಸಿ ದೊಡ್ಡದು, ಬಾರ್ ಉದ್ದ, ರೇಟು ಕಡಿಮೆ, ಇನ್ನೇನು ಬೇಕು ಅನಿಸುತ್ತದೆ ಅಲ್ವಾ? ಆದರೆ ಸಿಸಿ ಅನ್ನುವುದು ಸಿಲಿಂಡರ್ ಎಷ್ಟು ದೊಡ್ಡದು ಅಂತ ಹೇಳುತ್ತದೆ ಅಷ್ಟೇ, ಎಷ್ಟು ಶಕ್ತಿ ಬರುತ್ತದೆ ಅಂತ ಹೇಳುವುದಿಲ್ಲ. ಅದಕ್ಕೆ ಕಿಲೋವ್ಯಾಟ್ ನೋಡಬೇಕು. ಸ್ಟಿಲ್ ಕಂಪನಿಯ ಎಂಎಸ್ 261 ತಗೊಳ್ಳಿ, 50.2 ಸಿಸಿ, 3 ಕಿಲೋವ್ಯಾಟ್, ನಮ್ಮ ಲೆಕ್ಕದಲ್ಲಿ ಸುಮಾರು 4 ಎಚ್‌ಪಿ. ಹುಸ್ಕ್‌ವರ್ನಾ ಕಂಪನಿಯ 550 ಎಕ್ಸ್‌ಪಿ ಮಾರ್ಕ್ 2 ಕೂಡ 50.1 ಸಿಸಿ, ಅದೇ 3 ಕಿಲೋವ್ಯಾಟ್. 58 ಸಿಸಿ ಅಂತ ಬರೆದ ಎಷ್ಟೋ ಮೆಷಿನ್‌ಗಳ ಕಾಗದದಲ್ಲಿ ಅಷ್ಟೂ ಇರುವುದಿಲ್ಲ. ಆ ಎಂಜಿನ್‌ಗೆ 22 ಇಂಚಿನ ಚೈನ್ ಎಳೆಯುವ ಭಾರ ಬೇರೆ.

ಒಂದು ಮೆಟ್ಟಿಲು ಮೇಲೆ ಹೋದರೆ 60 ಸಿಸಿ ವರ್ಗ. ಸ್ಟಿಲ್ ಎಂಎಸ್ 362, 59 ಸಿಸಿ. ಹುಸ್ಕ್‌ವರ್ನಾ 562 ಎಕ್ಸ್‌ಪಿ, 59.8 ಸಿಸಿ. ಎರಡೂ 3.5 ಕಿಲೋವ್ಯಾಟ್. ಅದೇ ಕಂಪನಿಗಳ ಕೆಳಗಿನ ಮೆಟ್ಟಿಲು ಅಂದರೆ ಎಂಎಸ್ 250 ಥರದ್ದು, 45.4 ಸಿಸಿ, 2.3 ಕಿಲೋವ್ಯಾಟ್, ತೋಟದ ಮನೆಗೆ ವರ್ಷಕ್ಕಾಗುವಷ್ಟು ಸೌದೆ ಕೊಯ್ಯಲು ಒಳ್ಳೆಯ ಮೆಷಿನ್.

ಹಾಗಾದರೆ ಎಂಎಸ್ 261, 550 ಎಕ್ಸ್‌ಪಿ ಥರದ್ದಕ್ಕೆ ಪ್ರೊಫೆಷನಲ್ ಅಂತ ಜಾಸ್ತಿ ದುಡ್ಡು ಯಾಕೆ ಕೊಡಬೇಕು? ಕವರ್ ಬಿಚ್ಚಿ ಒಳಗೆ ನೋಡಿದರೆ ಗೊತ್ತಾಗುತ್ತದೆ. ಪ್ರೊಫೆಷನಲ್ ಮೆಷಿನ್‌ನಲ್ಲಿ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್‌ನ ಕೆಳಗಿನ ಗೂಡು, ಮೆಗ್ನೀಸಿಯಂದು, ಅದರ ಮೇಲೆ ಸಿಲಿಂಡರ್ ಅನ್ನು ಬೇರೆಯಾಗಿ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಪಿಸ್ಟನ್‌ಗೆ ಗೀರು ಬಿದ್ದರೆ ಸಿಲಿಂಡರ್ ಒಂದನ್ನೇ ಎತ್ತಿ ಕೆಲಸ ಮಾಡಬಹುದು. ಎಂಎಸ್ 250 ಥರದ್ದರಲ್ಲಿ ಇಡೀ ಎಂಜಿನ್ ಹೊರಗೆ ತೆಗೆಯಬೇಕು, ಮೆಕ್ಯಾನಿಕ್ ಕೂಲಿಯೂ ಹಾಗೇ ಏರುತ್ತದೆ. ಇನ್ನೊಂದು, ಪ್ರೊಫೆಷನಲ್ ಮೆಷಿನ್‌ನಲ್ಲಿ ಹಿಡಿಕೆಗೂ ಎಂಜಿನ್‌ಗೂ ನಡುವೆ ಸ್ಪ್ರಿಂಗ್ ಇರುತ್ತದೆ, ಎಂಜಿನ್ ನಡುಕ ಕೈಗೆ ಕಡಿಮೆ ಬರುತ್ತದೆ. ಇಡೀ ದಿನ ಮೆಷಿನ್ ಹಿಡಿಯುವವರ ಬೆರಳು ಜೋಮು ಹಿಡಿದು ಬಿಳಚಿಕೊಳ್ಳುವುದು ಆ ನಡುಕದಿಂದಲೇ. ಕೂಲಿಗೆ ಬರುವವರು ನೋವು ಅಂತ ಬಾಯಿ ಬಿಟ್ಟು ಹೇಳುವುದಿಲ್ಲ, ಸಂಜೆ ಲೋಟ ಹಿಡಿಯುವಾಗ ಕೈ ನೋಡಿದರೆ ಸಾಕು. ಈ ಒಂದು ಕಾರಣಕ್ಕೇ ನಾನು ಜಾಸ್ತಿ ದುಡ್ಡು ಕೊಡಲು ಸಿದ್ಧ.

ತೂಕದ ವಿಷಯ ಗಮನವಿಟ್ಟು ಕೇಳಿ. ಎಂಎಸ್ 261 ಕಾಗದದ ಮೇಲೆ 4.9 ಕೆಜಿ, 550 ಎಕ್ಸ್‌ಪಿ 5.3 ಕೆಜಿ, 562 ಎಕ್ಸ್‌ಪಿ 6 ಕೆಜಿ ಆಸುಪಾಸು. ಇದು ಬಾರ್ ಇಲ್ಲದೆ, ಚೈನ್ ಇಲ್ಲದೆ, ಟ್ಯಾಂಕ್ ಖಾಲಿ ಇದ್ದಾಗಿನ ತೂಕ. ಬಾರ್, ಚೈನ್ ಹಾಕಿ, ಪೆಟ್ರೋಲು ತುಂಬಿ, ಚೈನ್ ಆಯಿಲ್ ತುಂಬಿದ ಮೇಲೆ ಕೈಗೆ ಬರುವುದು ಒಂದೂವರೆ ಕೆಜಿಯಷ್ಟು ಜಾಸ್ತಿ. ಬಿದ್ದ ನೀಲಗಿರಿಯ ಸಣ್ಣ ಕೊಂಬೆ ಸವರುವಾಗ ಮೆಷಿನ್ ನೆಲದ ಮೇಲೆ ಕೂರುವುದೇ ಇಲ್ಲ, ಎತ್ತು, ಇಳಿಸು, ತಿರುಗಿಸು, ಇಷ್ಟೇ ಕೆಲಸ, ಮಧ್ಯಾಹ್ನದ ಹೊತ್ತಿಗೆ 50 ಸಿಸಿಗೂ 60 ಸಿಸಿಗೂ ಇರುವ ಆ ಒಂದು ಕೆಜಿ ವ್ಯತ್ಯಾಸ ಸೊಂಟಕ್ಕೆ ಗೊತ್ತಾಗುತ್ತದೆ. ದಣಿದ ಕೈಯಲ್ಲಿ ಮೆಷಿನ್ ಇದ್ದರೆ ಅಪಾಯವೂ ಜಾಸ್ತಿ.

ನಮ್ಮ ತೋಪಿನಲ್ಲಿ ಹೆಚ್ಚಿನ ಮರ ತೊಡೆ ದಪ್ಪ, ಕೆಲವು ಸೊಂಟದ ದಪ್ಪ. ಅದಕ್ಕೆ 50 ಸಿಸಿ ಮೆಷಿನ್, 16 ಇಂಚು ಬಾರ್ ಧಾರಾಳವಾಗಿ ಸಾಕು. ಅದಕ್ಕಿಂತ ದಪ್ಪ ದಿಮ್ಮಿ ಬಂದರೆ ಎರಡೂ ಕಡೆಯಿಂದ ಕೊಯ್ಯಬಹುದು. ಹುಣಸೆ ದಿಮ್ಮಿ ಕೊಯ್ಯುವುದೇ ದಿನಾ ಕೆಲಸ ಅನ್ನುವವರಿಗೆ, ಸಾಮಿಲ್‌ಗೆ ಮರ ಹಾಕುವವರಿಗೆ 60 ಸಿಸಿಯೇ ಸರಿ, ಆ ಮರ ಅಷ್ಟು ಗಟ್ಟಿ.

ಇನ್ನು ಕಾರ್ಬ್ಯುರೇಟರ್. ಹೊಸ ಮೆಷಿನ್‌ಗಳಲ್ಲಿ ಸ್ಟಿಲ್‌ನವರು ಎಂ-ಟ್ರಾನಿಕ್ ಅಂತಾರೆ, ಹುಸ್ಕ್‌ವರ್ನಾದವರು ಆಟೋಟ್ಯೂನ್ ಅಂತಾರೆ, ಗಾಳಿ ಮತ್ತು ಪೆಟ್ರೋಲು ಎಷ್ಟೆಷ್ಟು ಬೇಕು ಅನ್ನುವುದನ್ನು ಮೆಷಿನ್ ತಾನೇ ಸರಿ ಮಾಡಿಕೊಳ್ಳುತ್ತದೆ. ನಮ್ಮ ಕೋಲಾರ ಸಮುದ್ರ ಮಟ್ಟದಿಂದ 800 ಮೀಟರ್‌ಗಿಂತ ಮೇಲಿದೆ, ಬೇಸಿಗೆಯ ಬಿಸಿಲು ಬೇರೆ, ಹಾಗಾಗಿ ಈ ಸೌಲಭ್ಯ ಉಪಯೋಗಕ್ಕೆ ಬರುತ್ತದೆ. ಆದರೆ ಕೆಟ್ಟರೆ ಡೀಲರ್ ಕಂಪ್ಯೂಟರ್‌ಗೆ ಹಾಕಿ ನೋಡಬೇಕು. ಹಳೆಯ ಥರದ್ದಾದರೆ ಎಲ್, ಎಚ್ ಅಂತ ಸ್ಕ್ರೂ ಇರುತ್ತವೆ, ಕೆಲಸ ಗೊತ್ತಿರುವವರ ಕೈಯಲ್ಲಿ ಒಂದು ಸ್ಕ್ರೂಡ್ರೈವರ್ ಸಾಕು. ಅದಕ್ಕೇ ಅಂಗಡಿಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ರೇಟ್ ಅಲ್ಲ. ಈ ಮಾಡೆಲ್ ರಿಪೇರಿ ಇಲ್ಲೇ ಮಾಡುತ್ತೀರಾ, ಬೆಂಗಳೂರಿಗೆ ಕಳಿಸುತ್ತೀರಾ, ಕ್ಲಚ್, ಸ್ಪ್ರಾಕೆಟ್, ಆಯಿಲ್ ಪಂಪ್ ಈಗ ಶೆಲ್ಫ್‌ನಲ್ಲಿ ಇದೆಯಾ, ತೋರಿಸಿ ಅಂದೆ. ಒಂದು ಅಂಗಡಿಯಲ್ಲಿ ತರಿಸಿಕೊಡುತ್ತೇವೆ ಅಂದರು. ಎಷ್ಟು ದಿನದಲ್ಲಿ ಅಂದಾಗ ಉತ್ತರ ಬರಲಿಲ್ಲ, ಹೊರಟು ಬಂದೆ. ಇಂಟರ್ನೆಟ್‌ನಲ್ಲಿ ಹೊಗಳುವ ಎಲ್ಲ ಮಾಡೆಲ್‌ಗೂ ನಮ್ಮ ಕಡೆ ಬಿಡಿಭಾಗ ಸಿಗುತ್ತದೆ ಅಂದುಕೊಳ್ಳಬೇಡಿ.

ಈಗ ಚೈನ್. ಕ್ಯಾಮೆರಾ ಹತ್ತಿರ ತಂದಿದ್ದೇನೆ, ನೋಡಿ. ಎಡಗಡೆ ಇರುವುದು ಹರಿತವಾದ ಚೈನ್ ಕೊಯ್ದಾಗ ಬಿದ್ದದ್ದು. ಬೆರಳಲ್ಲಿ ಹಿಡಿದು ಎತ್ತಬಹುದಾದ ಚಕ್ಕೆ, ಅಂಚು ಚೂಪು, ಮಾವಿನ ಹಸಿ ಮರದ ಹಳದಿ ಹಾಗೇ ಇದೆ. ಬಲಗಡೆ ಇರುವುದು ರಾಗಿ ಹಿಟ್ಟಿನಷ್ಟು ನುಣುಪು, ಊದಿದರೆ ಹಾರಿ ಹೋಗುತ್ತದೆ. ಅದೇ ಮೆಷಿನ್, ಅದೇ ಕೊಂಬೆ, ನಡುವೆ ಆಗಿದ್ದು ಇಷ್ಟೇ, ಬೊಡ್ಡೆ ಕೊಯ್ಯುವಾಗ ಚೈನ್ ಒಂದು ಕ್ಷಣ ನಮ್ಮ ಕೆಂಪು ಮಣ್ಣಿಗೆ ತಾಗಿತು. ಆ ಮಣ್ಣಲ್ಲಿರುವ ಮರಳಿನ ಕಣ ಹಲ್ಲಿನ ಅಂಚು ತಿಂದುಬಿಡುತ್ತದೆ. ಹಿಟ್ಟು ಬೀಳಲು ಶುರುವಾದರೆ ಕೆಲಸ ನಿಲ್ಲಿಸಿ, ಅರ ಹಿಡಿಯಿರಿ. ಮೊಂಡು ಚೈನ್ ಇಟ್ಟು ಒತ್ತಿ ಒತ್ತಿ ಕೊಯ್ದರೆ ಬಾರ್ ಕಾಯುತ್ತದೆ, ಕ್ಲಚ್ ಸುಡುತ್ತದೆ, ಬೈಗುಳ ಮಾತ್ರ ಮೆಷಿನ್‌ಗೆ.

ಅರದ ಅಳತೆ ಬರೆದಿಟ್ಟುಕೊಳ್ಳಿ, ಅದು ಚೈನ್‌ನ ಪಿಚ್, ಅಂದರೆ ಕೊಂಡಿಗಳ ನಡುವಿನ ಅಂತರ, ಇಂಚಿನಲ್ಲಿ ಎಷ್ಟು ಅನ್ನುವುದರ ಮೇಲೆ ಹೋಗುತ್ತದೆ. 3/8 ಪಿಚ್ ಚೈನ್‌ಗೆ ಕಂಪನಿ ನೋಡಿಕೊಂಡು 5.2 ಅಥವಾ 5.5 ಮಿಲಿಮೀಟರ್, .325 ಪಿಚ್‌ಗೆ 4.8, ಸಣ್ಣ ಮೆಷಿನ್‌ಗಳಲ್ಲಿ ಬರುವ 3/8 ಲೋ ಪ್ರೊಫೈಲ್‌ಗೆ 4. 50 ಸಿಸಿ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ .325 ಇರುತ್ತದೆ. ಪ್ರತಿ ಹಲ್ಲಿಗೂ ಒಂದೇ ಲೆಕ್ಕದಲ್ಲಿ ತಿಕ್ಕಬೇಕು, ಒಂದು ಕಡೆಯ ಹಲ್ಲು ಗಿಡ್ಡ ಆದರೆ ಕೊಯ್ತ ವಾಲುತ್ತದೆ. ಹೊಸ ಮೆಷಿನ್ ಜೊತೆಗೆ ಎರಡು ಚೈನ್, ಒಂದು ಅರ, ಅರವನ್ನು ಸರಿಯಾದ ಕೋನದಲ್ಲಿ ಹಿಡಿಯಲು ಒಂದು ಗೈಡ್ ತಗೊಳ್ಳಿ. ಮತ್ತೆ, ಟ್ರ್ಯಾಕ್ಟರ್‌ನಿಂದ ತೆಗೆದ ಕರೀ ಆಯಿಲ್ ಅನ್ನು ಚೈನ್‌ಗೆ ಹಾಕುವ ರೂಢಿ ನಮ್ಮ ಕಡೆ ಇದೆ, ದಯವಿಟ್ಟು ಬಿಟ್ಟುಬಿಡಿ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಆಯಿಲ್ ಪಂಪ್ ಹಾಳಾಗುತ್ತದೆ.

ಪೆಟ್ರೋಲು ಈಗ ಬಂಕ್‌ನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಇರುವುದು. ಎಥನಾಲ್ ನೀರಿನ ಅಂಶ ಎಳೆದುಕೊಳ್ಳುತ್ತದೆ, ಟ್ಯಾಂಕ್‌ನಲ್ಲಿ ವಾರಗಟ್ಟಲೆ ಬಿಟ್ಟರೆ ಕಾರ್ಬ್ಯುರೇಟರ್ ಒಳಗಿನ ಡಯಾಫ್ರಂ ಗಟ್ಟಿಯಾಗುತ್ತದೆ, ಆಮೇಲೆ ಹಗ್ಗ ಎಷ್ಟು ಎಳೆದರೂ ಸ್ಟಾರ್ಟ್ ಆಗುವುದಿಲ್ಲ. ಲೀಟರ್‌ಗೆ 20 ಎಂಎಲ್ ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್, ಆ ದಿನಕ್ಕೆ ಬೇಕಾದಷ್ಟೇ ಕಲಸಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗೇ ಆಫ್ ಆಗುವವರೆಗೆ ಓಡಿಸಿ ಇಡಿ.

ಬ್ಯಾಟರಿ ಮೆಷಿನ್ ಕೇಳಿದವರಿಗೆ, ಮನೆ ಹಿತ್ತಲಿಗೆ ಚೆನ್ನಾಗಿದೆ. ತೋಪಿನ ಮಧ್ಯೆ ಚಾರ್ಜ್ ಎಲ್ಲಿ ಮಾಡುವುದು?

ನಾನು ಹೋಗುತ್ತಿರುವುದು 50 ಸಿಸಿ ಪ್ರೊಫೆಷನಲ್ ಕಡೆಗೆ, 16 ಇಂಚು ಬಾರ್. ಸ್ಟಿಲ್ಲಾ, ಹುಸ್ಕ್‌ವರ್ನಾನಾ ಅನ್ನುವುದನ್ನು ಕಾಗದ ನೋಡಿ ತೀರ್ಮಾನಿಸಲು ಆಗುವುದಿಲ್ಲ, ಇಬ್ಬರದ್ದೂ ಒಳ್ಳೆಯ ಮೆಷಿನ್. ನಮ್ಮ ಊರಿಗೆ ಹತ್ತಿರ ಬಿಡಿಭಾಗ ಇಟ್ಟುಕೊಂಡಿರುವ ಮೆಕ್ಯಾನಿಕ್ ಯಾರ ಹತ್ತಿರ ಇದ್ದಾರೋ ಅವರದ್ದು.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಇವು ಮಾಡಿಸಿ. ಸ್ಟಾರ್ಟ್ ಮಾಡಿಸಿ, ಬಿಸಿ ಆದ ಮೇಲೆ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿಸಿ. ಎಕ್ಸಲೇಟರ್ ಬಿಟ್ಟಾಗ ಚೈನ್ ನಿಲ್ಲಬೇಕು. ಚೈನ್ ಓಡುವಾಗ ಬ್ರೇಕ್ ಮುಂದಕ್ಕೆ ತಳ್ಳಿದರೆ ಆ ಕ್ಷಣವೇ ನಿಲ್ಲಬೇಕು, ಯಾಕಂದರೆ ಬಾರ್ ತುದಿಯ ಮೇಲ್ಭಾಗ ಯಾವುದಕ್ಕಾದರೂ ತಾಗಿದರೆ ಇಡೀ ಬಾರ್ ನಿಮ್ಮ ಮುಖದ ಕಡೆ ಚಿಮ್ಮುತ್ತದೆ, ಆಗ ಉಳಿಸುವುದು ಆ ಬ್ರೇಕ್. ಈ ಮೆಷಿನ್ ಹಿಡಿದು ಯಾರೂ ಮಾವಿನ ಮರ ಹತ್ತಬೇಡಿ, ಹತ್ತಿಸಲೂ ಬೇಡಿ. ಮೇಲಿನ ಕೊಂಬೆಗೆ ಉದ್ದ ಕೋಲಿನ ಗರಗಸ ಬೇರೆ ಸಿಗುತ್ತದೆ. ಹೆಲ್ಮೆಟ್, ಕಿವಿ ಮುಚ್ಚುವ ಮಫ್, ಕಾಲಿಗೆ ಕಟ್ಟುವ ಚಾಪ್ಸ್, ಗಟ್ಟಿ ಬೂಟು, ಇವುಗಳ ದುಡ್ಡನ್ನು ಮೆಷಿನ್ ಬಜೆಟ್‌ನಲ್ಲೇ ಸೇರಿಸಿ. ಚಾಪ್ಸ್ ನಮ್ಮ ಕಡೆ ಅಂಗಡಿಯಲ್ಲಿ ಕಾಣಲಿಲ್ಲ, ಆನ್‌ಲೈನ್ ಆರ್ಡರ್ ಹಾಕಿದ್ದೇನೆ. ಅದು ಕೈಗೆ ಬಂದ ಮೇಲೆಯೇ ಮೆಷಿನ್ ತರುವುದು.